ಜೀಪಿಗೆ ಸಿಂಗಾರ, ಬ್ಯಾಟರಿಗೆ ಭಾರ

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ತೋಟದ ಮನೆಗಳಲ್ಲಿ ಕೊಟ್ಟಿಗೆಯ ದನಗಳಷ್ಟೇ ಅಕ್ಕರೆಯಿಂದ ಸಾಕಿಕೊಂಡು ಬಂದಿರುವ ಇನ್ನೊಂದು ಜೀವ ಉಂಟು. ಅದು ಜೀಪು. ಗೊಬ್ಬರದ ಚೀಲ, ಕಾಫಿ ಮೂಟೆ, ಔಷಧಿ ಹೊಡೆಯುವ ಡ್ರಮ್ಮು, ಶಾಲೆಗೆ ಹೋಗುವ ಮಕ್ಕಳು, ಮದುವೆಯ ದಿಬ್ಬಣ, ನಡುರಾತ್ರಿಯ ರೋಗಿ, ಎಲ್ಲವನ್ನೂ ಎಲ್ಲರನ್ನೂ ಅದು ಹೊರುತ್ತದೆ. ಮಳೆಗಾಲದಲ್ಲಿ ಬಸ್ಸು ನಿಂತುಹೋದ ದಾರಿಯಲ್ಲೂ ಕೆಸರು ಎರಚಿಕೊಂಡು ಹತ್ತುತ್ತದೆ. ಅಂಥ ಗಾಡಿಗೆ ಸ್ವಲ್ಪ ಸಿಂಗಾರ ಮಾಡಬೇಕೆಂದು ಮನೆಯ ಹುಡುಗರಿಗೆ ಆಸೆಯಾದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಿಂಗಾರಕ್ಕೂ ಒಂದು ಲೆಕ್ಕ ಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆಂದು ತಯಾರಾದ ವಿಲ್ಲಿಸ್ ಜೀಪಿನಲ್ಲಿ ಇದ್ದದ್ದು 6 ವೋಲ್ಟಿನ ಬ್ಯಾಟರಿ. ಆ ಕಾಲಕ್ಕೆ ಅದು ಧಾರಾಳವಾಯಿತು. ಎಂಜಿನ್ ತಿರುಗಿಸಬೇಕು, ಎರಡು ಮಂಕು ದೀಪ ಉರಿಸಬೇಕು, ಹಾರ್ನ್ ಹೊಡೆಯಬೇಕು, ಅಷ್ಟೇ ಅದರ ಕೆಲಸ. ಮುಂದೆ ಬಂದ ಜೀಪುಗಳು 12 ವೋಲ್ಟಿಗೆ ಏರಿದವು. ವೋಲ್ಟೇಜು ಇಮ್ಮಡಿಯಾದರೆ ಅಷ್ಟೇ ವ್ಯಾಟಿನ ದೀಪಕ್ಕೆ ಬೇಕಾಗುವ ಕರೆಂಟು ಅರ್ಧಕ್ಕಿಳಿಯುತ್ತದೆ. ಅದೇ ತಂತಿಯಲ್ಲಿ ಶಾಖವಾಗಿ ಪೋಲಾಗುವುದು ಕಾಲು ಭಾಗಕ್ಕಿಳಿಯುತ್ತದೆ. ಆದರೆ ಈಗಿನ ಜೀಪಿನ ಮೈಮೇಲೆ ಏರಿರುವ ಒಡವೆಗಳನ್ನು ನೋಡಿದರೆ ಆ 12 ವೋಲ್ಟೂ ಏದುಸಿರು ಬಿಡುತ್ತದೆ. ಟಾಪಿನ ಮೇಲೆ ಉದ್ದನೆಯ ದೀಪದ ಪಟ್ಟಿ, ಬಂಪರಿನಲ್ಲಿ ಎರಡು ದೊಡ್ಡ ದೀಪ, ಸೀಟಿನ ಕೆಳಗೆ ಆಂಪ್ಲಿಫೈಯರ್, ಹಿಂದೆ ವೂಫರ್, ಹಿಮ್ಮುಖ ಕ್ಯಾಮೆರಾ, ಟ್ರ್ಯಾಕರ್, ನಾಲ್ಕು ಮೊಬೈಲಿಗೆ ಚಾರ್ಜರ್.

ಕಳಸದಿಂದ ಒಳಗೆ, ಹಳ್ಳ ದಾಟಿ ಹೋಗಬೇಕಾದ ಒಂದು ತೋಟದ ಮನೆಯಲ್ಲಿ ನಡೆದದ್ದೂ ಇದೇ. ಮನೆಯ ಮಗ ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ. ಕಾಫಿ ಮಾರಿದ ಹಣ ಕೈಗೆ ಬಂದ ಬೇಸಿಗೆಯಲ್ಲಿ ತಂದೆಯನ್ನು ಒಪ್ಪಿಸಿ, ಹಳೆಯ ಡೀಸೆಲ್ ಜೀಪಿಗೆ ಎರಡು 100 ವ್ಯಾಟ್ ಹ್ಯಾಲೊಜೆನ್ ದೀಪ, ಒಂದು ಸ್ಟೀರಿಯೋ, ಆಂಪ್ಲಿಫೈಯರ್ ಎಲ್ಲವನ್ನೂ ಹಾಕಿಸಿಕೊಂಡು ಬಂದ. ಊರಿನಲ್ಲಿ ಎರಡು ಮದುವೆಯ ದಿಬ್ಬಣ ಅದೇ ಜೀಪಿನ ಹಾಡಿನೊಂದಿಗೆ ಹೊರಟವು. ಎಲ್ಲರೂ ಮೆಚ್ಚಿದರು.

ಜುಲೈ ತಿಂಗಳ ಒಂದು ಸಂಜೆ ಗೆಳೆಯರು ಬಂದರು. ಹೊರಗೆ ಬಿಡದ ಮಳೆ. ಜೀಪನ್ನು ಮನೆಯ ಮುಂದಿನ ಮಾಡಿನ ಕೆಳಗೆ ತಂದು ನಿಲ್ಲಿಸಿ, ಎಂಜಿನ್ ನಿಲ್ಲಿಸಿ, ನಾಲ್ಕು ಗಂಟೆ ಕಾಲ ಹಾಡು ಹಾಕಿದರು. ಅದೇ ರಾತ್ರಿ ಒಂದು ಗಂಟೆಗೆ ಲೈನ್ ಮನೆಯಿಂದ ಕೂಗು ಬಂತು. ತೋಟದ ಕೆಲಸಗಾರನೊಬ್ಬನ ಹೆಂಡತಿಗೆ ಹೆರಿಗೆ ನೋವು. 108ಕ್ಕೆ ಕರೆ ಮಾಡಲು ಆ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ತಂದೆ ಜೀಪಿನ ಕೀಲಿ ತಿರುಗಿಸಿದರೆ ಬಂದದ್ದು 'ಟಿಕ್, ಟಿಕ್' ಎಂಬ ಸದ್ದು ಮಾತ್ರ. ಎಂದಿನಂತೆ ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ತಾನಾಗಿ ಉರುಳಿ ಸ್ಟಾರ್ಟ್ ಆಗುತ್ತಿತ್ತು. ಅಂದು ನಿಂತಿದ್ದದ್ದು ಸಮತಟ್ಟಾದ ಅಂಗಳದಲ್ಲಿ. ಆರು ಜನ ಮೊಣಕಾಲುದ್ದ ಕೆಸರಿನಲ್ಲಿ ತಳ್ಳಿ ರಸ್ತೆಯ ಇಳಿಜಾರಿಗೆ ತರುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ನಲವತ್ತು ನಿಮಿಷ ಹುಡುಗನ ಮನಸ್ಸಿನಿಂದ ಹೋಗಲಿಲ್ಲ.

ಆದಾಯ, ಖರ್ಚು, ಉಳಿತಾಯ

ಮರುವಾರ ತಂದೆ ಮಗ ಇಬ್ಬರೂ ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋದರು. ಆತ ಘಟ್ಟದ ಕೆಳಗಿನವರು. ಮಲ್ಪೆ ಬಂದರಿನಲ್ಲಿ ಬಹಳ ವರ್ಷ ಮೀನುಗಾರಿಕೆ ಬೋಟುಗಳ ವೈರಿಂಗ್ ಮಾಡಿ, ಆಮೇಲೆ ಘಟ್ಟ ಹತ್ತಿ ಬಂದವರು. ಬಾನೆಟ್ ಎತ್ತಿ ನೋಡಿದವರೇ ಕೇಳಿದರು: "ಇದೆಲ್ಲ ಒಟ್ಟಿಗೆ ಹಾಕಿದರೆ ಎಷ್ಟು ಆಂಪಿಯರ್ ಅಂತ ಲೆಕ್ಕ ಮಾಡಿದ್ದೀರಾ ಮಾರಾಯ್ರೆ?"

ಹುಡುಗ ಲೆಕ್ಕ ಮಾಡಿರಲಿಲ್ಲ. ಅದಕ್ಕೆ ಬೇಕಾದ ಸೂತ್ರ ಪ್ರೌಢಶಾಲೆಯ ಪುಸ್ತಕದಲ್ಲೇ ಇದೆ: ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ಹೆಡ್‌ಲೈಟಿನ ಎರಡು 55 ವ್ಯಾಟ್ ಬಲ್ಬುಗಳಿಗೆ ಸುಮಾರು 9 ಆಂಪಿಯರ್. ಹೊಸ ಎರಡು ದೀಪಗಳ 200 ವ್ಯಾಟಿಗೆ ಸುಮಾರು 17. ಆಂಪ್ಲಿಫೈಯರಿಗೆ ಜೋರಾಗಿ ಹಾಡುವಾಗ 10, ವೈಪರಿಗೆ 5, ಹಿಂದಿನ ದೀಪ ಇತ್ಯಾದಿಗೆ 3. ಕೂಡಿದರೆ 44. ಆ ಜೀಪಿನ ಆಲ್ಟರ್ನೇಟರ್ ಮೇಲೆ ಬರೆದಿದ್ದದ್ದು 35. ಅದೂ ಎಂಜಿನ್ ವೇಗವಾಗಿ ತಿರುಗಿದಾಗ. ಘಟ್ಟದಲ್ಲಿ ತೆವಳುವಾಗ ಅಷ್ಟೂ ಹುಟ್ಟುವುದಿಲ್ಲ.

ಮನೆಯ ಜಮಾಖರ್ಚು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಆಲ್ಟರ್ನೇಟರ್ ಸಂಪಾದಿಸುತ್ತದೆ, ದೀಪ ಮತ್ತು ಹಾಡು ಖರ್ಚು ಮಾಡುತ್ತವೆ, ಬ್ಯಾಟರಿ ಉಳಿತಾಯದ ಖಾತೆ. ಗಂಟೆಗೆ 9 ಆಂಪಿಯರ್ ಸಾಲದೆ ಬಂದರೆ ಮೂರು ಗಂಟೆಯ ರಾತ್ರಿ ಪ್ರಯಾಣದಲ್ಲಿ 60 ಆಂಪಿಯರ್-ಅವರ್ ಬ್ಯಾಟರಿಯಿಂದ 27 ಕರಗುತ್ತದೆ. ಎಂಜಿನ್ ನಿಲ್ಲಿಸಿ ಹಾಡು ಕೇಳಿದರಂತೂ ಸಂಪಾದನೆಯೇ ಇಲ್ಲ, ಬರೀ ಖರ್ಚು. ಸರಾಸರಿ 8 ಆಂಪಿಯರ್ ಎಂದರೂ ನಾಲ್ಕು ಗಂಟೆಗೆ 32. ಅರ್ಧಕ್ಕಿಂತ ಹೆಚ್ಚು ಬ್ಯಾಟರಿ ಖಾಲಿ. ಡೀಸೆಲ್ ಎಂಜಿನ್ನನ್ನು ತಿರುಗಿಸಲು ಸ್ಟಾರ್ಟರ್ ಮೋಟಾರು ಕೆಲವೇ ಕ್ಷಣ ಕೇಳುತ್ತದೆ, ಆದರೆ 200 ಆಂಪಿಯರಿಗೂ ಹೆಚ್ಚು ಕೇಳುತ್ತದೆ. ಹಳೆಯದಾಗಿ ಅರ್ಧಕ್ಕಿಳಿದ ಬ್ಯಾಟರಿ ಅಷ್ಟನ್ನು ಒಮ್ಮೆಗೇ ಕೊಡಲಾರದೆ ಟಿಕ್ ಎನ್ನುತ್ತದೆ.

ಬ್ಯಾಟರಿಯ ಸ್ಥಿತಿ ತಿಳಿಯಲು ಒಂದು ಸಾಮಾನ್ಯ ಮಲ್ಟಿಮೀಟರ್ ಸಾಕು. ಕೆಲವು ಗಂಟೆ ಸುಮ್ಮನೆ ನಿಂತ ಗಾಡಿಯಲ್ಲಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ; 12.2 ತೋರಿಸಿದರೆ ಅರ್ಧ. ಬರೀ 0.4 ವೋಲ್ಟಿನ ಅಂತರದಲ್ಲಿ ಇಷ್ಟು ವ್ಯತ್ಯಾಸವೆಂದು ಗೊತ್ತಿಲ್ಲದವರು '12 ಇದೆಯಲ್ಲ' ಎಂದು ನೆಮ್ಮದಿಯಾಗಿರುತ್ತಾರೆ.

ಬೋಟಿನವರ ಎರಡು ಬ್ಯಾಟರಿ

"ಕಡಲಲ್ಲಿ ಬೋಟು ನಿಂತರೆ ತಳ್ಳುವವರು ಯಾರು?" ಎಂದು ಕೇಳಿದರು ಆ ಎಲೆಕ್ಟ್ರಿಷಿಯನ್. ಆ ಪ್ರಶ್ನೆಗೆ ಕಡಲಿನವರು ಕಂಡುಕೊಂಡ ಉತ್ತರವೇ ಎರಡು ಬ್ಯಾಟರಿ. ಒಂದು ಎಂಜಿನ್ ಸ್ಟಾರ್ಟ್ ಮಾಡಲು ಮಾತ್ರ. ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ಇನ್ನೊಂದು ದೀಪ, ವೈರ್‌ಲೆಸ್, ಮೀನಿನ ಗುಂಪನ್ನು ಪತ್ತೆ ಮಾಡುವ ಯಂತ್ರ, ಹಾಡು ಇವುಗಳಿಗೆ. ಹೊರದೇಶದ ಶ್ರೀಮಂತರ ವಿಹಾರನೌಕೆಗಳಲ್ಲೂ ಇದೇ ಪದ್ಧತಿ. ಕೋಟಿಗಟ್ಟಲೆ ಬೆಲೆಯ ನೌಕೆಗೆ ಸ್ಪೀಕರು, ಬಣ್ಣದ ದೀಪ, ಟಿ.ವಿ. ಎಲ್ಲ ಜೋಡಿಸುವ ಮೊದಲು ಅಲ್ಲಿನ ಕೆಲಸಗಾರ ಮಾಡುವುದು ಆಂಪಿಯರಿನ ಕೂಡುವ ಲೆಕ್ಕವನ್ನೇ. ಎರಡು ಬ್ಯಾಟರಿಗಳ ನಡುವೆ ಒಂದು ರಿಲೇ ಇರುತ್ತದೆ. ಎಂಜಿನ್ ಓಡುವಾಗ ಅದು ಎರಡನ್ನೂ ಜೋಡಿಸಿ ಚಾರ್ಜ್ ಮಾಡಿಸುತ್ತದೆ. ಎಂಜಿನ್ ನಿಂತೊಡನೆ ಬೇರ್ಪಡಿಸುತ್ತದೆ. ಹಾಡು ಕೇಳುತ್ತಾ ಎರಡನೆಯದು ಪೂರಾ ಬರಿದಾದರೂ ಮೊದಲನೆಯದು ತುಂಬಿಯೇ ಇರುತ್ತದೆ.

ಜೀಪಿಗೂ ಇದನ್ನೇ ಮಾಡಬಹುದು. ಆದರೆ ಎರಡನೇ ಬ್ಯಾಟರಿಯನ್ನು ಸೀಟಿನ ಕೆಳಗೆ ಸುಮ್ಮನೆ ತುರುಕುವಂತಿಲ್ಲ. ಸೀಸ ಮತ್ತು ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕದ ಅನಿಲ ಹೊರಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ಮುಟ್ಟಿದರೆ ಒಂದು ಕಿಡಿ ಸಾಕು. ಆದ್ದರಿಂದ ಗಾಳಿಯಾಡುವ ಜಾಗ ಬೇಕು, ಹಳ್ಳದ ಕುಲುಕಾಟಕ್ಕೆ ಕದಲದಂತೆ ಬಿಗಿಯಾದ ಪಟ್ಟಿ ಬೇಕು.

ತಂತಿಯೊಳಗಿನ ಬೆಂಕಿ

ಆ ಜೀಪಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಹೊಸ ದೀಪಗಳಿಗೆ ಎಳೆದಿದ್ದ ತಂತಿ ಮುಟ್ಟಿದರೆ ಬಿಸಿ, ಅದರ ಪ್ಲಾಸ್ಟಿಕ್ ಅಲ್ಲಲ್ಲಿ ಮೆತ್ತಗಾಗಿತ್ತು. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಮತ್ತೆ ಮುಂದಿನ ಬಂಪರಿಗೆ ಹೋಗಿದ್ದ ಆ ತಂತಿಯ ಉದ್ದ 5 ಮೀಟರ್, ದಪ್ಪ 1 ಚದರ ಮಿಲಿಮೀಟರ್. ಅಂಥ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.017 ಓಮ್, ಐದು ಮೀಟರಿಗೆ 0.085. ಅದರಲ್ಲಿ 17 ಆಂಪಿಯರ್ ಹರಿದರೆ ಸುಮಾರು 1.4 ವೋಲ್ಟ್ ದಾರಿಯಲ್ಲೇ ನಷ್ಟ. ಬಲ್ಬಿಗೆ ತಲುಪುವುದು 10.6 ಮಾತ್ರ. ತಂತುವಿನ ಬಲ್ಬಿಗೆ ವೋಲ್ಟೇಜು ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ಇಲ್ಲಿ ಮೂರನೇ ಒಂದು ಭಾಗದಷ್ಟು ಬೆಳಕು ಹೋಯಿತು. ದುಡ್ಡು ಕೊಟ್ಟದ್ದು 100 ವ್ಯಾಟಿಗೆ, ಸಿಕ್ಕಿದ ಬೆಳಕು ಅದಕ್ಕಿಂತ ಎಷ್ಟೋ ಸಣ್ಣ ಬಲ್ಬಿನದು.

ನಷ್ಟವಾದದ್ದು ಎಲ್ಲಿ ಹೋಯಿತು? ತಂತಿಯಲ್ಲೇ ಸುಮಾರು 24 ವ್ಯಾಟ್ ಶಾಖವಾಯಿತು. ರೇಡಿಯೋ ರಿಪೇರಿಯವರ ಮೇಜಿನ ಮೇಲಿರುವ ಬೆಸುಗೆ ಕಡ್ಡಿ 25 ವ್ಯಾಟಿನದು. ಅಂದರೆ ಆ ಜೀಪಿನವರು ದೀಪ ಹಾಕಿದಾಗಲೆಲ್ಲ ಬಾನೆಟ್ಟಿನೊಳಗೆ ಒಂದು ಬೆಸುಗೆ ಕಡ್ಡಿಯಷ್ಟು ಶಾಖವನ್ನು ಹರಡಿಕೊಂಡು ಓಡಾಡುತ್ತಿದ್ದರು. ತುಕ್ಕು ಹಿಡಿದು ಸಡಿಲವಾದ ಒಂದು ಜೋಡಣೆಯಲ್ಲಿ ಆ ಶಾಖ ಒಂದೇ ಕಡೆ ಸೇರಿದರೆ ಬೆಂಕಿಗೆ ಬೇರೆ ನೆಪ ಬೇಡ.

ಇದಕ್ಕೆ ಪರಿಹಾರ ಹಳೆಯದೇ. ಬ್ಯಾಟರಿಯ ಹತ್ತಿರವೇ ಒಂದು ರಿಲೇ ಇಟ್ಟು, ಅಲ್ಲಿಂದ ದೀಪಕ್ಕೆ 4 ಚದರ ಮಿಲಿಮೀಟರಿನ ದಪ್ಪ ತಂತಿಯನ್ನು ಅಡ್ಡದಾರಿಯಲ್ಲಿ, ಒಂದೂವರೆ ಮೀಟರಿನಲ್ಲಿ ಮುಗಿಸುವುದು. ಆಗ ನಷ್ಟ 0.1 ವೋಲ್ಟಿನಷ್ಟೇ. ಡ್ಯಾಶ್‌ಬೋರ್ಡಿನ ಸ್ವಿಚ್ಚು ರಿಲೇಗೆ ಅಪ್ಪಣೆ ಕೊಡುವಷ್ಟು ಸಣ್ಣ ಕರೆಂಟನ್ನು ಮಾತ್ರ ಹೊರುತ್ತದೆ. ಇನ್ನು ಫ್ಯೂಸು. ಅದು ಕಾಪಾಡುವುದು ಮುಖ್ಯವಾಗಿ ತಂತಿಯನ್ನು. ಹಾಗಾಗಿ ಅದು ಬ್ಯಾಟರಿಯ ಪಾಸಿಟಿವ್ ತುದಿಗೆ ಗೇಣಿನೊಳಗೆ ಇರಬೇಕು. ಸೀಟಿನ ಕೆಳಗೆ ಆಂಪ್ಲಿಫೈಯರಿನ ಪಕ್ಕದಲ್ಲಿ ಫ್ಯೂಸು ಇಟ್ಟರೆ ಅಲ್ಲಿಯವರೆಗಿನ ತಂತಿಗೆ ಯಾರೂ ಕಾವಲಿಲ್ಲ. ಫ್ಯೂಸು ಸುಟ್ಟಾಗ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ಸಿಕ್ಕಿಸುವ ಜಾಣತನವಂತೂ ಕಾವಲುಗಾರನನ್ನು ಕಟ್ಟಿಹಾಕಿ ಮಲಗಿದಂತೆ.

ತಂತಿಗಳನ್ನು ಹೆಣೆದು ಟೇಪು ಸುತ್ತುವುದು ಬಯಲುಸೀಮೆಯಲ್ಲಿ ಹೇಗೋ ನಡೆದೀತು. ಜೂನಿನಿಂದ ಸೆಪ್ಟೆಂಬರಿನವರೆಗೆ ತೊಯ್ದೇ ಇರುವ ಮಲೆನಾಡಿನಲ್ಲಿ ಟೇಪಿನೊಳಗೆ ನೀರು ನಿಂತು ತಾಮ್ರ ಹಸಿರಾಗುತ್ತದೆ. ಆದ್ದರಿಂದಲೇ ಬೋಟಿನವರು ತವರ ಲೇಪಿಸಿದ ತಂತಿ ಬಳಸುತ್ತಾರೆ. ಜೋಡಣೆಯ ಮೇಲೆ ಬಿಸಿ ಮಾಡಿದರೆ ಕುಗ್ಗಿ ಅಪ್ಪಿಕೊಳ್ಳುವ ಕೊಳವೆ ಹಾಕುತ್ತಾರೆ.

ಮಂಜಿನಲ್ಲಿ ಬೆಳಕು

ದೀಪದ ವಿಷಯದಲ್ಲಿ ಲೆಕ್ಕ ಸ್ವಂತ ಬ್ಯಾಟರಿಗೆ ಮುಗಿಯುವುದಿಲ್ಲ. ಎದುರಿನವರ ಕಣ್ಣಿಗೂ ಸೇರಿದೆ. ಕೊಟ್ಟಿಗೆಹಾರದಲ್ಲಿ ಮಂಜು ಇಳಿದ ಹೊತ್ತು ಚಾರ್ಮಾಡಿ ಘಾಟಿಗೆ ಇಳಿದವರಿಗೆ ಗೊತ್ತು: ದೀಪವನ್ನು ಬ್ರೈಟಿಗೆ ಹಾಕಿದಷ್ಟೂ ಕಾಣುವುದು ಬಿಳಿಯ ಗೋಡೆ. ಮಂಜಿನ ಹನಿಗಳು ಬೆಳಕನ್ನು ಚದುರಿಸಿ ಚಾಲಕನ ಕಣ್ಣಿಗೇ ಹಿಂದಿರುಗಿಸುತ್ತವೆ. ಅದಕ್ಕೇ ಮಂಜಿನ ದೀಪವನ್ನು ಬಂಪರಿನ ಕೆಳಗೆ, ನೆಲಕ್ಕೆ ಹತ್ತಿರವಾಗಿ, ಅಗಲವಾಗಿ ಹರಡುವಂತೆ ಇಡುವುದು. ಟಾಪಿನ ಮೇಲಿನ ದೀಪದ ಪಟ್ಟಿ ಮಂಜಿನಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ.

ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆಕಾಶ ನೀಲಿಯಾಗಿ ಕಾಣುವುದು ನೀಲಿ ಬೆಳಕು ಹೆಚ್ಚು ಚದುರುವುದರಿಂದ ಎಂದು ಓದಿದ ವಿದ್ಯಾರ್ಥಿ, ಹಾಗಾದರೆ ಹಳದಿ ಕಡಿಮೆ ಚದುರಬೇಕಲ್ಲ ಎಂದು ತರ್ಕಿಸುತ್ತಾನೆ. ಆದರೆ ಆ ನಿಯಮ ಗಾಳಿಯ ಅಣುಗಳಂಥ ಅತಿ ಸಣ್ಣ ಕಣಗಳಿಗೆ. ಮಂಜಿನ ಹನಿಯ ಗಾತ್ರ ಸಾಮಾನ್ಯವಾಗಿ 10 ಮೈಕ್ರೊಮೀಟರಿನ ಆಸುಪಾಸು. ಬೆಳಕಿನ ಅಲೆಯ ಉದ್ದ ಸುಮಾರು ಅರ್ಧ ಮೈಕ್ರೊಮೀಟರ್. ಅಷ್ಟು ದೊಡ್ಡ ಹನಿಯ ಮುಂದೆ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಒಂದೇ. ಫ್ರಾನ್ಸ್ ದೇಶ 1993ರವರೆಗೆ ಕಾರುಗಳಿಗೆ ಹಳದಿ ಹೆಡ್‌ಲೈಟನ್ನೇ ಕಡ್ಡಾಯ ಮಾಡಿತ್ತು, ಆಮೇಲೆ ಕೈಬಿಟ್ಟಿತು. ಮಂಜಿನಲ್ಲಿ ಕೆಲಸಕ್ಕೆ ಬರುವುದು ದೀಪದ ಬಣ್ಣಕ್ಕಿಂತ ಅದರ ಎತ್ತರ, ಕೋನ ಮತ್ತು ಗಾಡಿಯ ನಿಧಾನ.

ಎಲ್‌ಇಡಿ ದೀಪ ಬಂದದ್ದು ದೊಡ್ಡ ಉಪಕಾರವೇ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಬಿಳಿ ಬೆಳಕಿನ ಎಲ್‌ಇಡಿ ಸಾಧ್ಯವಾದದ್ದು ಅದರಿಂದಲೇ. 100 ವ್ಯಾಟ್ ಹ್ಯಾಲೊಜೆನ್ ಕೊಡುವಷ್ಟು ಬೆಳಕನ್ನು 20-25 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಆ ಜೀಪಿನ 17 ಆಂಪಿಯರ್ 4ಕ್ಕೆ ಇಳಿದು, ಒಟ್ಟು ಖರ್ಚು 31ಕ್ಕೆ ಬಂದು ಆಲ್ಟರ್ನೇಟರಿನ ಮಿತಿಯೊಳಗೆ ನಿಂತದ್ದು ಹೀಗೆ. ಆದರೆ ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟಿನ ಬಟ್ಟಲಿಗೆ ಎಲ್‌ಇಡಿ ಬಲ್ಬು ಸಿಕ್ಕಿಸುವುದು ಬೇರೆ ಮಾತು. ಆ ಬಟ್ಟಲಿನ ಬಾಗು ಸಣ್ಣ ತಂತುವೊಂದು ನಿಗದಿಯಾದ ಜಾಗದಲ್ಲಿ ಉರಿಯುತ್ತದೆಂದು ಲೆಕ್ಕಹಾಕಿ ಮಾಡಿದ್ದು. ಬೆಳಕಿನ ಮೂಲದ ಆಕಾರ, ಜಾಗ ತಪ್ಪಿದರೆ ಕಿರಣಗಳು ರಸ್ತೆ ಬಿಟ್ಟು ಎದುರಿನವರ ಮುಖಕ್ಕೆ ಹಾರುತ್ತವೆ.

ಕಣ್ಣು ಕೋರೈಸಿದ ಚಾಲಕ ಮೂರು ಸೆಕೆಂಡು ಕುರುಡಾದನೆನ್ನಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅವನ ಗಾಡಿ ಅಷ್ಟರಲ್ಲಿ 33 ಮೀಟರ್ ಹೋಗಿರುತ್ತದೆ. ಘಾಟಿಯ ತಿರುವಿನಲ್ಲಿ 33 ಮೀಟರ್ ರಸ್ತೆ ನೇರವಾಗಿ ಸಿಗುವುದೇ ಅಪರೂಪ. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಹೆಡ್‌ಲೈಟುಗಳ ವಿರುದ್ಧ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿದ್ದು ಸುಮ್ಮನೆ ಅಲ್ಲ. ಹೊಸ ದೀಪಗಳನ್ನು ತೋಟದೊಳಗಿನ ದಾರಿಗೆ ಮಾತ್ರ ಮೀಸಲಿಟ್ಟು, ರಸ್ತೆಗೆ ಬಂದಾಗ ಮುಚ್ಚಳ ಹಾಕಬೇಕೆಂದು ಆ ಮನೆಯಲ್ಲಿ ತೀರ್ಮಾನವಾಯಿತು.

ಮಲ್ಪೆಯಿಂದ ಬಂದ ಎಲೆಕ್ಟ್ರಿಷಿಯನ್ ಇದಕ್ಕೊಂದು ಹೋಲಿಕೆ ಕೊಟ್ಟರು. ಕೆಲವು ಬೋಟಿನವರು ಜನರೇಟರ್ ಇಟ್ಟು, ಪ್ರಖರ ಎಲ್‌ಇಡಿ ದೀಪಗಳಿಂದ ರಾತ್ರಿಯಲ್ಲಿ ಮೀನುಗಳನ್ನು ಸೆಳೆದು ಬಾಚತೊಡಗಿದರು. ಸಣ್ಣ ದೋಣಿಯ ಸಾಂಪ್ರದಾಯಿಕ ಮೀನುಗಾರರಿಗೆ ಬಲೆ ಖಾಲಿ. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ದೀಪ ಒಬ್ಬರದು, ಕತ್ತಲೆ ಇನ್ನೊಬ್ಬರದು.

ಹಾಡಿನ ವ್ಯಾಟು

ಗಾಡಿಯಲ್ಲಿ ಹಾಡು ಕೇಳುವ ಆಸೆ ಹೊಸದಲ್ಲ. ಅಮೆರಿಕದಲ್ಲಿ 'ಮೊಟೊರೋಲ' ಎಂಬ ಹೆಸರಿನ ಕಾರ್ ರೇಡಿಯೋ 1930ರಲ್ಲೇ ಮಾರಾಟಕ್ಕೆ ಬಂದಿತ್ತು. ಕಾಫಿ ಸೀಮೆಯವರ ಕಿವಿಗೆ ಹಾಡು, ವಾರ್ತೆ ತಲುಪಿಸಿದ್ದು 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ. ಅದರ ಮಧ್ಯಮ ತರಂಗದ ಅಲೆಗಳು ನೂರಾರು ಮೀಟರ್ ಉದ್ದದವು; ಗುಡ್ಡದ ಅಂಚಿನಲ್ಲಿ ಬಾಗಿ ಕಣಿವೆಗೂ ಇಳಿಯುತ್ತಿದ್ದವು. ಎಫ್‌.ಎಂ. ಅಲೆಯ ಉದ್ದ ಮೂರು ಮೀಟರ್. ಗುಡ್ಡ ಅಡ್ಡ ಬಂದರೆ ಹಾಡು ನಿಂತಿತು. ಕಳಸದ ತಿರುವುಗಳಲ್ಲಿ ಸ್ಟೀರಿಯೋ ಗೊರಗುಟ್ಟಿದರೆ ಆಂಟೆನಾ ಬದಲಿಸಿ ಹೆಚ್ಚಿನ ಪ್ರಯೋಜನವಿಲ್ಲ.

ಆಂಪ್ಲಿಫೈಯರಿನ ಮೇಲಿನ '1000 ವ್ಯಾಟ್' ಎಂಬ ಚೀಟಿಯನ್ನು ನಂಬುವ ಮೊದಲು ಅದರ ಫ್ಯೂಸು ನೋಡಬೇಕು. ಅಲ್ಲಿ 10 ಆಂಪಿಯರ್ ಎಂದಿದ್ದರೆ, 12 ವೋಲ್ಟಿನಲ್ಲಿ ಅದು ಎಳೆದುಕೊಳ್ಳಬಲ್ಲದ್ದು 120 ವ್ಯಾಟ್. ಎಳೆದುಕೊಂಡದ್ದಕ್ಕಿಂತ ಹೆಚ್ಚು ಕೊಡುವ ಯಂತ್ರವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. ವ್ಯಾಟನ್ನು ಇಮ್ಮಡಿ ಮಾಡಿದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆ ಹತ್ತು ಪಟ್ಟನ್ನು ಕೊಡಬೇಕಾದದ್ದು ಅದೇ ಬಡಪಾಯಿ ಬ್ಯಾಟರಿ. ಕಿವಿಯ ಮಾತೂ ಇದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದೆಂದು ತಜ್ಞರ ಅಂದಾಜು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100ಕ್ಕೆ ಮುಟ್ಟಿದರೆ ಕಾಲು ಗಂಟೆ. ಮುಚ್ಚಿದ ಜೀಪಿನೊಳಗೆ ವೂಫರ್ ಗುಡುಗಿಸುವ ಹುಡುಗರು ಇದನ್ನು ನೆನಪಿಡುವುದು ಒಳ್ಳೆಯದು.

ಸದ್ದಿಲ್ಲದೆ ತಿನ್ನುವವುಗಳೂ ಇವೆ. ಟ್ರ್ಯಾಕರ್, ಅಲಾರಂ, ಸ್ಟೀರಿಯೋದ ಗಡಿಯಾರ ಎಲ್ಲ ಸೇರಿ 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್-ಅವರ್. ಜೀಪು ಮಳೆಯ ಒಂದು ತಿಂಗಳು ಷೆಡ್ಡಿನಲ್ಲೇ ನಿಂತರೆ 36. ಯಾರೂ ಹಾಡು ಕೇಳಲಿಲ್ಲ, ದೀಪ ಹಾಕಲಿಲ್ಲ. ಬ್ಯಾಟರಿ ಮಾತ್ರ ಸತ್ತಿರುತ್ತದೆ. ವಾರಕ್ಕೊಮ್ಮೆ ಗಾಡಿ ಓಡಿಸಬೇಕು, ಇಲ್ಲವೆ ಬ್ಯಾಟರಿಯ ತಂತಿಯೊಂದನ್ನು ಬಿಚ್ಚಿಡಬೇಕು.

ಮಗ ಗಾಡಿಗೆ ಏನಾದರೂ ಹಾಕಿಸಬೇಕೆಂದಾಗ ತಂದೆತಾಯಿಯರು ಬೈದು ಕಳಿಸುವುದೂ ಉಂಟು, ಸುಮ್ಮನೆ ಹಣ ಎಣಿಸಿ ಕೊಡುವುದೂ ಉಂಟು. ಎರಡಕ್ಕಿಂತ ಮೇಲಾದದ್ದು ಒಂದು ಹಾಳೆ, ಒಂದು ಪೆನ್ಸಿಲು ಕೊಟ್ಟು ಕೂರಿಸುವುದು. ಎಷ್ಟು ಹುಟ್ಟುತ್ತದೆ, ಎಷ್ಟು ಖರ್ಚಾಗುತ್ತದೆ, ತಂತಿ ಎಷ್ಟು ದಪ್ಪ, ಫ್ಯೂಸು ಎಲ್ಲಿ, ಕಾನೂನು ಏನು ಹೇಳುತ್ತದೆ ಎಂದು ಅವನೇ ಬರೆದು ತೋರಿಸಲಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಓಮನ ನಿಯಮ ಅಂದು ಅವನ ಸ್ವಂತದ್ದಾಗುತ್ತದೆ.

ಕಳಸದ ಆ ಮನೆಯ ಜೀಪಿನಲ್ಲಿ ಈಗಲೂ ಹಾಡುಂಟು, ಎರಡನೇ ಬ್ಯಾಟರಿಯಿಂದ. ಬಾನೆಟ್ಟಿನ ಒಳಬದಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದ ಅಂಟಿಸಿದೆ. ಯಾವ ಫ್ಯೂಸು ಯಾವುದಕ್ಕೆ, ಯಾವುದು ಎಷ್ಟು ಆಂಪಿಯರ್ ಎಂಬುದೆಲ್ಲ ಹುಡುಗನ ಕೈಬರಹದಲ್ಲಿದೆ. ಕೊನೆಯ ಸಾಲು ತಂದೆಯವರು ಸೇರಿಸಿದ್ದು: 'ರಾತ್ರಿ ಇಳಿಜಾರಿನಲ್ಲೇ ನಿಲ್ಲಿಸುವುದು.'